ತುತ್ತು ಮಾರಲು ಹೊರಟವನು

ಪೇಟೆ ಬೀದಿಯ ಆ ಚಪ್ಪಲಿ ಅಂಗಡಿಗೆ ಹೋದವರು ಬರಿಗೈಲಿ ಹೊರಗೆ ಬಂದದ್ದನ್ನು ಅಕ್ಕಪಕ್ಕದವರು ಕಂಡಿರಲಿಲ್ಲ. ಒಮ್ಮೆ ಯಾವುದೋ ವಿಳಾಸ ಕೇಳಲೆಂದು ಮೆಟ್ಟಿಲು ಹತ್ತಿದ ಹಿರಿಯರೊಬ್ಬರು ಇಳಿದು ಬರುವಾಗ ಕಾಲಲ್ಲಿ ಹೊಸ ಬೂಟು, ಕಂಕುಳಲ್ಲಿ ಹೆಂಡತಿಗೆಂದು ಕೊಂಡ ಇನ್ನೊಂದು ಡಬ್ಬ ಇದ್ದವು. ವಿಳಾಸ ಕೇಳುವುದು ಮರೆತೇಹೋಗಿ ಅವರು ಮತ್ತೆ ಒಳಗೆ ಹೋಗಬೇಕಾಯಿತು. ಆಗ ಒಂದು ಕಾಲುಚೀಲವೂ ಬಿಕರಿಯಾಯಿತು.

ಇದೆಲ್ಲ ಅಲ್ಲಿ ಕೆಲಸಕ್ಕಿದ್ದ ಒಬ್ಬನೇ ಮನುಷ್ಯನ ಕರಾಮತ್ತು. ಗಿರಾಕಿ ಏಳಲು ಅಣಿಯಾದ ಹೊತ್ತಿಗೆ ಸರಿಯಾಗಿ, ಏನೋ ಈಗ ತಾನೇ ನೆನಪಾದವನ ಹಾಗೆ, ಇನ್ನೊಂದು ಜೊತೆ ನೋಡಿಬಿಡಿ ಎನ್ನುತ್ತಿದ್ದ. ಹಾಗಾಗಿ ಬೀದಿಯವರ ಬಾಯಲ್ಲಿ ಅವನ ಹೆಸರೇ ಇನ್ನೊಂದ್ಜೊತೆ ಎಂದಾಗಿತ್ತು. ಹಾಗೆಂದು ಮೋಸಗಾರನಲ್ಲ. ಬಿಗಿಯಾದ ಬೂಟನ್ನು ನಾಳೆ ಹಿಗ್ಗುತ್ತದೆ ಎಂದು ಹೇಳಿ ಯಾರ ಕಾಲಿಗೂ ಕಟ್ಟಿದವನಲ್ಲ. ನೆಲಕ್ಕೆ ಮಂಡಿಯೂರಿ, ಗಿರಾಕಿಯ ಹಿಮ್ಮಡಿಯನ್ನು ಮೊಟ್ಟೆ ಹಿಡಿದಷ್ಟು ಹಗುರವಾಗಿ ಅಂಗೈಯಲ್ಲಿ ಹಿಡಿದು, ತಲೆ ಎತ್ತಿ ಒಮ್ಮೆ ನೋಡುತ್ತಿದ್ದ, ಅಷ್ಟೇ. ತಮ್ಮ ಕಾಲನ್ನು ಯಾರಾದರೂ ಇಷ್ಟು ಮರ್ಯಾದೆಯಿಂದ ಮುಟ್ಟಿ ಯಾವ ಕಾಲವಾಯಿತೋ ಎಂದುಕೊಳ್ಳುತ್ತ ಜನ ಕರಗಿಹೋಗುತ್ತಿದ್ದರು.

ಅಂಗಡಿಯ ಯಜಮಾನರು ಗಲ್ಲಾದ ಹಿಂದೆ ಕೂತಿರುತ್ತಿದ್ದರು. ಬಿಗಿದುಕೊಂಡ ಮುಖ, ಎಣಿಸಿ ಆಡಿದಂಥ ಮಾತು. ಇನ್ನೊಂದ್ಜೊತೆಗೆ ಜ್ವರ ಬಂದಿದ್ದ ದಿನ ಅವರೇ ಎದ್ದು ವ್ಯಾಪಾರಕ್ಕೆ ನಿಂತರಂತೆ. ಗಿರಾಕಿಯೊಬ್ಬರು ಕನ್ನಡಿ ಮುಂದೆ ಕಾಲು ತಿರುಗಿಸುತ್ತ ಇದು ನನಗೆ ಒಪ್ಪುತ್ತಾ ಎಂದು ಕೇಳಿದರೆ, ಇಲ್ಲ ಎಂದು ಹೇಳಿ ವಾಪಸು ಹೋಗಿ ಕೂತರಂತೆ. ಮಾರಾಟಗಾರ ರಜೆ ಹಾಕಿದರೆ ಅಂಗಡಿಯನ್ನೇ ಮುಚ್ಚುವುದು ಲೇಸು ಎಂದು ಅಂದೇ ತೀರ್ಮಾನವಾಯಿತು.

ಇನ್ನೊಂದ್ಜೊತೆ ಸೋತದ್ದು ಒಬ್ಬಳ ಮುಂದೆ ಮಾತ್ರ. ಅವಳು ನಗರದ ಬಸ್ಸು ಓಡಿಸುತ್ತಿದ್ದಳು. ಬ್ರೇಕು ಕಾಲಿಗೆ ತಿಳಿಯಬೇಕು, ತೆಳ್ಳಗಿನ ಅಟ್ಟೆಯ ಬೂಟು ಕೊಡಿ ಎಂದು ಬಂದಳು, ಹಾಕಿಕೊಂಡಳು, ಎದ್ದಳು. ಅವನು ತನ್ನ ಎಂದಿನ ಮಾತು ತೆಗೆದ. ನನಗಿರೋದು ಎರಡೇ ಕಾಲು ಎಂದು ಹೇಳಿ ಅವಳು ಹೊರಟೇಹೋದಳು. ಮರುವಾರದಿಂದ ಅವನು ನಡೆದು ಹೋಗಬಹುದಾದ ಮನೆಗೆ ಅವಳ ಬಸ್ಸಿನಲ್ಲಿ ಹೋಗತೊಡಗಿದ. ಎರಡನೇ ಜೊತೆ ಮಾರಕ್ಕಾಗದೆ ತಾನೇ ಜೊತೆಯಾಗಿ ಹೋದ ಎಂದು ಗೆಳೆಯರು ಮದುವೆಯ ದಿನ ನಕ್ಕರು.

ಅವರಿಗೊಬ್ಬಳು ಮಗಳು ಹುಟ್ಟಿದಳು. ಹಲ್ಲು ಬರುವ ತನಕ ಅವಳಷ್ಟು ಸಲೀಸಾದ ಮಗು ಇರಲಿಲ್ಲ. ಹಲ್ಲು ಬಂದವು, ಹಿಂದೆಯೇ ಮಾತು ಬಂತು. ಅಮ್ಮ ಎಂದೋ ಅಪ್ಪ ಎಂದೋ ಕೇಳಲು ಕಿವಿ ನಿಮಿರಿಸಿ ಕೂತಿದ್ದವರ ಮುಂದೆ ಅವಳು ಸ್ಪಷ್ಟವಾಗಿ ಆಡಿದ ಮೊದಲ ಮಾತು 'ಬೇಡ'. ಅಂದಿನಿಂದ ಮನೆಯಲ್ಲಿ ಅವಳು ಬೇಡಮ್ಮ.

ಬೇಡಮ್ಮನಿಗೆ ಎರಡು ತುಂಬುವ ಹೊತ್ತಿಗೆ ಅವಳ ತಟ್ಟೆಗೆ ದೊಡ್ಡದೊಂದು ಕಾನೂನೇ ಇತ್ತು. ಬಟಾಣಿ ಆಲೂಗಡ್ಡೆಯನ್ನು ಮುಟ್ಟಕೂಡದು. ಮೊಟ್ಟೆಯಲ್ಲಿ ಹಳದಿ ಇರಕೂಡದು, ಹಳದಿ ಇದ್ದ ಗುಳಿಯೂ ಕಾಣಕೂಡದು. ಬ್ರೆಡ್ಡಿನ ಅಂಚು ಕತ್ತರಿಸಬೇಕು, ಆದರೆ ಕತ್ತರಿಸಿದ್ದು ಅವಳ ಕಣ್ಣಿಗೆ ಬೀಳಬಾರದು. ಬಾಳೆಹಣ್ಣು ಸುಲಿಯುವಾಗ ಮುರಿದರಂತೂ ಮುಗಿಯಿತು, ಅದನ್ನು ಮತ್ತೆ ಕೂಡಿಸಿಕೊಡಿ ಎಂದು ಮನೆ ಹಾರಿಹೋಗುವ ಹಾಗೆ ಅಳು. ಅವಳ ಅಮ್ಮ ಒಂದು ಸಲ ಎರಡು ತುಂಡನ್ನೂ ಒತ್ತಿ ಹಿಡಿದು ಕೊಟ್ಟಳು. ಬೇಡಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ನಕಲಿ ನೋಟು ಕಂಡ ಗುಮಾಸ್ತನ ಹಾಗೆ ಮೇಜಿನ ಮೇಲಿಟ್ಟು ಆಚೆ ಸರಿಸಿದಳು.

ಊಟದ ಹೊಣೆ ಹೊತ್ತಿದ್ದವರು ಅವನ ಅತ್ತೆ, ಪಕ್ಕದ ಬೀದಿಯಲ್ಲಿದ್ದ ಹೆಂಡತಿಯ ತಾಯಿ. ಅವರದು ಸಂಚಾರಿ ಪದ್ಧತಿ. ಸೊಂಟದಲ್ಲಿ ಮಗು, ಕೈಯಲ್ಲಿ ಬಟ್ಟಲು. ಬಾಲ್ಕನಿಯಲ್ಲಿ ಪಾರಿವಾಳಕ್ಕೊಂದು ತುತ್ತು, ಮೆಟ್ಟಿಲಲ್ಲಿ ಪಕ್ಕದ ಮನೆಯ ಬೆಕ್ಕಿಗೊಂದು ತುತ್ತು, ಕೆಳಗೆ ಬೀದಿಯಲ್ಲಿ ಕಸದ ಲಾರಿಗೊಂದು, ಔಷಧಿ ಅಂಗಡಿಯ ತೂಕದ ಯಂತ್ರಕ್ಕೊಂದು. ಮಧ್ಯಾಹ್ನದ ಊಟ ಮುಗಿಸಿ ಮನೆ ಸೇರುವಷ್ಟರಲ್ಲಿ ರಾತ್ರಿಯ ಊಟ ಎದುರಿಗೇ ಬಂದು ನಿಂತಿರುತ್ತಿತ್ತು. ಮಗುವಿನ ಹೊಟ್ಟೆಗೆ ಹೋದದ್ದೆಷ್ಟು, ಪಾರಿವಾಳದ ಹೊಟ್ಟೆಗೆ ಹೋದದ್ದೆಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ.

ಇದನ್ನೆಲ್ಲ ಅಳಿಯ ಒಳಗೊಳಗೇ ನಗುತ್ತ ನೋಡುತ್ತಿದ್ದ. ನಗು ಒಳಗೇ ಉಳಿದಿದ್ದರೆ ಚೆನ್ನಾಗಿತ್ತು. ಒಂದು ಭಾನುವಾರ ಊಟಕ್ಕೆ ಕೂತಾಗ, ಯಾರೂ ಕೇಳದೆ ಇದ್ದರೂ, ಅವನು ತನ್ನ ಅನುಭವದ ಮಾತೊಂದನ್ನು ಹೇಳಿಬಿಟ್ಟ.

"ಗಿರಾಕಿಗೆ ಏನು ಬೇಕು ಅಂತ ತಿಳ್ಕೊಳ್ದೆ ಮಾರಕ್ಕೆ ಹೋದ್ರೆ ಹೀಗೇ ಆಗೋದು. ಬೀದಿ ಬೀದಿ ಸುತ್ಬೇಕಾಗತ್ತೆ."

ಅತ್ತೆ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು, ತುಸು ಜೋರಾಗಿಯೇ ಬಡಿಸಿದರು. ಹೆಂಡತಿ ಕನ್ನಡಿಯಲ್ಲಿ ಹಿಂದಿನ ವಾಹನ ನೋಡುವವಳ ಹಾಗೆ ಒಮ್ಮೆ ಅವನತ್ತ ಕಣ್ಣು ಹಾಯಿಸಿದಳು.

ಆ ತಿಂಗಳೇ ಅತ್ತೆ ಬಟ್ಟಲು ಹಿಡಿದು ಬೇಡಮ್ಮನ ಹಿಂದೆ ಮೆಟ್ಟಿಲಿಳಿಯುವಾಗ ಕಾಲು ಉಳುಕಿಸಿಕೊಂಡರು. ಮಗುವಿಗೆ ಏನೂ ಆಗಲಿಲ್ಲ, ಬಟ್ಟಲು ಮಾತ್ರ ಕೆಳಗಿನ ಮನೆಯವರ ಬಾಗಿಲ ತನಕ ಉರುಳಿತು. ಮೆಟ್ಟಿಲಿಲ್ಲದ ಮನೆ ಎಂದು ಅತ್ತೆ ದೊಡ್ಡ ಮಗಳ ಕಡೆಗೆ ಹೋದರು. ಹೆಂಡತಿಯ ಪಾಳಿ ಮಧ್ಯಾಹ್ನಕ್ಕೆ ಶುರುವಾಗುತ್ತಿತ್ತು. ಅಂಗಡಿಗೆ ಮಧ್ಯಾಹ್ನ ಬಿಡುವಿತ್ತು, ಊಟವಾದ ಮೇಲೆ ಸಂಜೆಯ ತನಕ ಮಗುವನ್ನು ನೋಡಿಕೊಳ್ಳಲು ಕೆಳಗಿನ ಮನೆಯವರು ಒಪ್ಪಿದರು. ಇನ್ನು ಯಾರು ಉಣಿಸಬೇಕು ಎಂಬುದರಲ್ಲಿ ಚರ್ಚೆಗೆ ಎಡೆಯೇ ಇರಲಿಲ್ಲ. ಅವಳು ಬೂಟು ಕಟ್ಟಿಕೊಳ್ಳುತ್ತ ಹೇಳಿದ್ದು ಇಷ್ಟೇ: "ಗಿರಾಕಿ ಒಳಗೆ ಕೂತಿದಾಳೆ. ಮಾರಿ ನೋಡಿ."

ಅವನು ಹುರುಪಿನಿಂದಲೇ ಹೋದ. ಅಂಗಡಿಯ ಮೊದಲ ಪಾಠವೆಂದರೆ ಆಯ್ಕೆ. ಮೂರು ಜೊತೆ ಮುಂದಿಟ್ಟರೆ ಗಿರಾಕಿ ನಡುವಿನದಕ್ಕೆ ಕೈ ಹಾಕುತ್ತಾನೆ. ಅವನು ಮೂರು ಪುಟ್ಟ ಬಟ್ಟಲುಗಳನ್ನು ಸಾಲಾಗಿಟ್ಟು, ಒಂದರಲ್ಲಿ ಬಟಾಣಿ, ಒಂದರಲ್ಲಿ ಆಲೂಗಡ್ಡೆ, ಒಂದರಲ್ಲಿ ಹಳದಿ ತೆಗೆದ ಮೊಟ್ಟೆ ಹಾಕಿ, ಯಾವುದು ಬೇಕು ಎಂದು ಮೃದುವಾಗಿ ಕೇಳಿದ. ಬೇಡಮ್ಮ ಮೂರನ್ನೂ ಗಮನವಿಟ್ಟು ನೋಡಿ, ಮೂರಕ್ಕೂ ಬೇರೆ ಬೇರೆಯಾಗಿ ಬೇಡ ಎಂದಳು. ಆಮೇಲೆ ಬಟ್ಟಲು ಬೇಡ ಎಂದಳು. ಕುರ್ಚಿಯೂ ಬೇಡ ಎಂದಳು.

ಎರಡನೇ ಪಾಠ, ಸರಕು ಮುಗಿಯುತ್ತ ಬಂದಿದೆ ಎಂದು ತೋರಿಸುವುದು. ಅವನು ಆಲೂಗಡ್ಡೆಯ ಹೋಳೊಂದನ್ನು ತಾನೇ ಬಾಯಿಗೆ ಹಾಕಿಕೊಂಡು, ಅಬ್ಬ, ಇನ್ನು ಸ್ವಲ್ಪವೇ ಉಳಿದಿದೆ ಎಂದು ಬೇಸರ ನಟಿಸಿದ. ಮಗಳು ಕುತೂಹಲದಿಂದ ನೋಡಿದಳು. ಅವನು ಇನ್ನೊಂದು ತಿಂದ. ಅವಳು ಬಟಾಣಿಯ ಬಟ್ಟಲನ್ನೂ ಅವನ ಮುಂದಕ್ಕೆ ತಳ್ಳಿದಳು, ಅದು ಖಾಲಿಯಾದ ಮೇಲೆ ಮೊಟ್ಟೆಯದನ್ನೂ. ಕೊನೆಗೆ ಪುಟ್ಟ ಕೈಯಿಂದ ಅವನ ಗಲ್ಲ ಸವರಿದಳು. ಬಟ್ಟಲುಗಳೆಲ್ಲ ಬರಿದಾಗಿದ್ದವು, ಮಗು ಸಂತೋಷವಾಗಿತ್ತು. ದೂರದಿಂದ ನೋಡಿದವರಿಗೆ ಅದು ಗೆದ್ದ ಊಟವೇ.

ದಿನ ಕಳೆದಂತೆ ಅವನ ಪಾಠಗಳೆಲ್ಲ ಒಂದೊಂದಾಗಿ ಮುಗಿದವು. ಪಕ್ಕದ ಮನೆಯ ಮಗು ಇದನ್ನೇ ತಿನ್ನುತ್ತದೆ ಎಂದ. ಹಾಗಾದರೆ ಇದನ್ನೂ ಅದಕ್ಕೇ ಕೊಡು ಎಂಬಂತೆ ಅವಳು ಬಾಗಿಲು ತೋರಿಸಿದಳು. ಕಡೆಗೆ ಎಲ್ಲ ಅಪ್ಪಂದಿರೂ ಬಂದು ನಿಲ್ಲುವಲ್ಲಿಗೆ ಅವನೂ ಬಂದು ನಿಂತ. ಚಮಚವನ್ನು ಬಸ್ಸು ಮಾಡಿದ. ಅಮ್ಮ ಓಡಿಸುವ ಬಸ್ಸು, ಇವಳಿಗೆ ಇಷ್ಟವಾಗದೆ ಇರುತ್ತದೆಯೇ. ಬಾಯಲ್ಲೇ ಇಂಜಿನ್ ಸದ್ದು ಮಾಡುತ್ತ, ಮೇಜಿನ ಅಂಚಿನಲ್ಲಿ ತಿರುವು ತೆಗೆದುಕೊಂಡು, ಅವಳ ತುಟಿಯ ಮುಂದೆ ಬ್ರೇಕು ಹಾಕಿದ.

"ಬಸ್ ಬಂತು. ಬಾಗ್ಲು ತೆಗಿ."

ಬೇಡಮ್ಮ ಬಸ್ಸನ್ನು ನೋಡಿದಳು, ಅಪ್ಪನನ್ನು ನೋಡಿದಳು. "ಇಲ್ಲಿ ಸ್ಟಾಪ್ ಇಲ್ಲ" ಎಂದು ಮುಖ ತಿರುಗಿಸಿದಳು.

ಸಂಜೆ ಹೆಂಡತಿ ಡಿಪೋದಿಂದ ಬಂದು ಮಗು ಉಂಡಿತೇ ಎಂದು ಕೇಳಿದರೆ, ತಟ್ಟೆ ಖಾಲಿ ನೋಡು ಎನ್ನುತ್ತಿದ್ದ. ಅದು ಸುಳ್ಳಲ್ಲವಷ್ಟೇ. ಆದರೆ ಅವನ ಬೆಲ್ಟು ಒಂದು ತೂತು ಹೊರಗೆ ಸರಿದಿತ್ತು, ಮಗಳು ಸಂಜೆಯಾದೊಡನೆ ಹಾಲಿಗೆ ಮುಗಿಬೀಳುತ್ತಿದ್ದಳು. ಹೆಂಡತಿಗೆ ಅನುಮಾನ ಮೊದಲಿನಿಂದಲೂ ಇತ್ತು. ಅವಳು ಕೇಳಲು ಹೋಗಲಿಲ್ಲ, ಕೇಳುವ ಅಗತ್ಯವೂ ಬೀಳಲಿಲ್ಲ. ಒಂದು ಸಂಜೆ ತಲೆ ಬಾಚಿಸಿಕೊಳ್ಳುತ್ತ ಕೂತಿದ್ದ ಬೇಡಮ್ಮ ತಾನಾಗಿಯೇ ವರದಿ ಒಪ್ಪಿಸಿದಳು: "ಅಪ್ಪ ಎಲ್ಲಾ ತಿಂದ. ಜಾಣ ಅಪ್ಪ." ಆ ಮನೆಯಲ್ಲಿ ಉಂಡವರಿಗೆ ಸಿಗಬೇಕಾದ ಹೊಗಳಿಕೆಯನ್ನು ಮಗು ಸರಿಯಾದ ವ್ಯಕ್ತಿಗೇ ತಲುಪಿಸಿತ್ತು.

ಹೆಂಡತಿ ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ ಎಂದಳು. ಡಾಕ್ಟರಮ್ಮ ತೂಗಿದರು, ಎತ್ತರ ನೋಡಿದರು, ನಾಲಿಗೆ ನೋಡಿದರು. ಮಗು ಗುಂಡುಕಲ್ಲಿನ ಹಾಗಿದೆ, ಹಸಿವಾದರೆ ತಿನ್ನುತ್ತೆ, ಬಿಟ್ಟುಬಿಡಿ ಎಂದರು. ಹೊರಡುವಾಗ ಅವನನ್ನು ಮೇಲಿನಿಂದ ಕೆಳಗೆ ನೋಡಿ, ನೀವು ಮಾತ್ರ ಸ್ವಲ್ಪ ನೋಡ್ಕೊಳ್ಳಿ ಎಂದರು. ಬಿಟ್ಟುಬಿಡಿ ಎಂಬ ಸಲಹೆ ಅವನಿಗೆ ಹಿಡಿಸಲಿಲ್ಲ. ಗಿರಾಕಿಯನ್ನು ಬಿಟ್ಟುಬಿಡುವುದನ್ನು ಅವನು ಕಲಿತೇ ಇರಲಿಲ್ಲ.

ಮನೆಯ ಸೋಲು ಮೆಲ್ಲಗೆ ಅಂಗಡಿಯ ಮೆಟ್ಟಿಲೂ ಹತ್ತಿತು. ಒಂದು ಸಂಜೆ ಶಾಲೆಯ ಮುಖ್ಯೋಪಾಧ್ಯಾಯಿನಿಯೊಬ್ಬರು ಬಂದರು. ಬಿಳಿಗೂದಲು, ನೆಟ್ಟಗಿನ ಬೆನ್ನು, ಹಳೇ ಗಿರಾಕಿ. ಅವನು ತೋರಿಸಿದ್ದೆಲ್ಲ ಬೇಡ ಎಂದರು. ಕಪ್ಪು ಬೇಡ, ಕಂದು ಬೇಡ, ಪಟ್ಟಿ ಇರುವುದು ಬೇಡ. ಬೇರೆ ದಿನಗಳಲ್ಲಿ ಇದು ಅವನಿಗೆ ಹಬ್ಬ. ಅಂದು ಮಾತ್ರ ಆ ಪದ ಕಿವಿಗೆ ಬಿದ್ದ ಹಾಗೆಲ್ಲ ಮಗಳ ಬಟ್ಟಲೇ ಕಣ್ಣ ಮುಂದೆ ಬರುತ್ತಿತ್ತು. ಅವರ ಪಾದವನ್ನು ಕೈಯಲ್ಲಿ ಹಿಡಿದುಕೊಂಡೇ, ಬೂಟನ್ನು ಅವರ ಹೆಬ್ಬೆರಳಿನ ಮುಂದೆ ಆಡಿಸುತ್ತ, ಅವನು ಬೇಡಿಕೊಂಡ.

"ಒಂದೇ ಒಂದ್ಸಲ ನೋಡಿ. ಅಪ್ಪನಿಗೋಸ್ಕರ."

ಮುಖ್ಯೋಪಾಧ್ಯಾಯಿನಿ ತಮ್ಮ ಕಾಲನ್ನು ನಿಧಾನವಾಗಿ ವಾಪಸು ತೆಗೆದುಕೊಂಡರು, ಹಳೆಯ ಬೂಟು ಹಾಕಿಕೊಂಡರು, ಇಳಿದು ಹೋದರು. ಬರಿಗೈಲಿ. ಎದುರು ಅಂಗಡಿಯ ದರ್ಜಿ ಹೊಲಿಗೆ ನಿಲ್ಲಿಸಿ ಹೊರಗೆ ಬಂದು ನೋಡಿದ. ಗಲ್ಲಾದ ಹಿಂದಿನಿಂದ ಯಜಮಾನರು ಪತ್ರಿಕೆ ಕೆಳಗಿಳಿಸಿ ಅವನನ್ನು ನೋಡಿ, ಮತ್ತೆ ಪತ್ರಿಕೆ ಎತ್ತಿದರು.

ಶಾಲೆಗಳು ತೆರೆಯುವ ವಾರ ಬಂತು. ಆ ವಾರ ಅಂಗಡಿಗೆ ಮಧ್ಯಾಹ್ನದ ಬಿಡುವಿಲ್ಲ. ಊರಿನ ಮಕ್ಕಳ ಕಾಲುಗಳೆಲ್ಲ ಒಂದೇ ಬೇಸಿಗೆಯಲ್ಲಿ ಬೆಳೆದುಬಿಟ್ಟಿರುತ್ತವೆ. ಹೆಂಡತಿ ಪಾಳಿಗೆ ಹೋಗುವ ದಾರಿಯಲ್ಲಿ ಮಗುವನ್ನೂ ಊಟದ ಡಬ್ಬಿಯನ್ನೂ ಅಂಗಡಿಗೇ ತಂದು ಬಿಟ್ಟಳು. ಅವನು ಗಲ್ಲಾದ ಹಿಂದೆ, ಯಜಮಾನರ ಪಕ್ಕದ ಸಂದಿಯಲ್ಲಿ, ಬೂಟಿನ ಡಬ್ಬವೊಂದನ್ನು ಬೋರಲು ಹಾಕಿ ಮೇಜು ಮಾಡಿದ, ಅಳತೆಗೆ ಕೂರುವ ಗಿಡ್ಡ ಪೀಠದ ಮೇಲೆ ಮಗುವನ್ನು ಕೂರಿಸಿದ, ಊಟದ ಡಬ್ಬಿ ತೆರೆದಿಟ್ಟ. ಬಟಾಣಿ ಹೋಗಿ ಆಲೂಗಡ್ಡೆಗೆ ತಗುಲಿತ್ತು. ಬೇರೆ ಮಾಡಲು ಪುರಸೊತ್ತಿರಲಿಲ್ಲ. ಈಗ ಬಂದೆ ಎಂದು ಹೋದವನನ್ನು ಗಿರಾಕಿಗಳು ನುಂಗಿಬಿಟ್ಟರು.

ಯಜಮಾನರು ತಮ್ಮ ಊಟದ ಹೊತ್ತನ್ನು ಯಾರಿಗೋಸ್ಕರವೂ ಬದಲಾಯಿಸಿದವರಲ್ಲ. ಪತ್ರಿಕೆ ಮಡಿಸಿಟ್ಟು, ತಮ್ಮ ಡಬ್ಬಿ ತೆರೆದು ತಿನ್ನತೊಡಗಿದರು. ಪಕ್ಕದಲ್ಲೊಂದು ಮಗು ಇರುವುದು ಅವರಿಗೆ ಗೊತ್ತಿತ್ತು, ಬೂಟಿನ ರ‍್ಯಾಕು ಇರುವುದು ಗೊತ್ತಿದ್ದಷ್ಟೇ. ಉಂಡೆಯಾ ಎಂದು ಕೇಳಲಿಲ್ಲ. ಜಾಣೆ ಎನ್ನಲಿಲ್ಲ. ಬೇಡಮ್ಮ ಕಾದು ನೋಡಿದಳು. ಯಾರೂ ಏನೂ ಕೊಡಲು ಬರಲಿಲ್ಲ, ಬೇಡ ಎನ್ನಲು ಅವಳಿಗೆ ಏನೂ ಸಿಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳು ಎದ್ದು ಅವರ ಡಬ್ಬಿಯೊಳಗೆ ಇಣುಕಿ ಏನದು ಎಂದು ಕೇಳಿದಳು. ಆಲೂಗಡ್ಡೆ ಎಂದರು ಯಜಮಾನರು. ಬೇಕು ಎಂದಳು. ಅವರು ಡಬ್ಬಿಯನ್ನು ಕೊಂಚ ದೂರಕ್ಕೆ ಎಳೆದುಕೊಂಡರು.

"ಇದು ನಂದು. ನಿಂದು ಅಲ್ಲಿದೆ."

ಹುಟ್ಟಿದಾಗಿನಿಂದ ಅವಳಿಗೆ ಊಟ ಇಲ್ಲ ಎಂದವರು ಇವರೇ ಮೊದಲಿಗರು. ಬೇಡಮ್ಮ ಅವರ ಮುಖವನ್ನು ಹೊಸದಾಗಿ ನೋಡಿದಳು, ಹೋಗಿ ಪೀಠದ ಮೇಲೆ ಕೂತಳು, ತನ್ನ ಡಬ್ಬಿಯನ್ನು ಅವರ ಹಾಗೆಯೇ ಎದೆಯ ಹತ್ತಿರಕ್ಕೆ ಎಳೆದುಕೊಂಡಳು, ತಿಂದಳು.

ಗದ್ದಲ ತಗ್ಗಿ ಅಪ್ಪ ಓಡಿಬಂದಾಗ ಡಬ್ಬಿ ಬರಿದಾಗಿತ್ತು. ಅವನು ಮೊದಲು ನೆಲ ನೋಡಿದ, ಆಮೇಲೆ ಪಕ್ಕದಲ್ಲಿದ್ದ ಬೂಟುಗಳ ಒಳಗೆ ಕೈ ಹಾಕಿ ನೋಡಿದ, ಆಮೇಲೆ ಯಜಮಾನರ ಬಾಯಿ ನೋಡಿದ. ತನ್ನ ಹಾಗೆಯೇ ಅವರೂ ಅವಳ ಪಾಲನ್ನು ತಿಂದಿರಬೇಕು ಎಂಬುದು ಅವನ ಲೆಕ್ಕ. ಅವಳದ್ದು ಅವಳೇ ತಿಂದಳು, ನನ್ನದರಲ್ಲೂ ಒಂದು ಹೋಳು ಹೋಯಿತು ಎಂದು ಯಜಮಾನರು ದೂರುವ ದನಿಯಲ್ಲಿ ಹೇಳಿದರು. ಏನು ಮಾಡಿದಿರಿ ಎಂದು ಕೇಳಿದ.

"ಏನ್ ಮಾಡ್ಲಿ? ಹಸಿವಾಗಿತ್ತು, ತಿಂದೆ. ಅವಳಿಗೂ ಹಸಿವಾಗಿತ್ತೇನೋ."

ಮಗು ಉಂಡಿತೆಂದು ತಂದೆಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಆದರೆ ಹೊಟ್ಟೆಯಲ್ಲಿ ಅದರ ಜೊತೆಗೇ ಇನ್ನೊಂದು ಉರಿಯೂ ಎದ್ದಿತು. ಜನ್ಮದಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ ಮಾರಲಾಗದವರು, ಇವನು ವಾರಗಟ್ಟಲೆ ಮಂಡಿಯೂರಿ ಮಾರಲಾಗದ್ದನ್ನು ಕುರ್ಚಿಯಿಂದ ಏಳದೆ ಮಾರಿಬಿಟ್ಟಿದ್ದರು. ರಾತ್ರಿ ಊಟಕ್ಕೆ ಅವನು ಅದೇ ವರಸೆ ಹಾಕಿದ. ಬಿಗಿದ ಮುಖ ಮಾಡಿ ತನ್ನ ತಟ್ಟೆ ಹಿಡಿದು ಮಗಳ ಪಕ್ಕ ಕೂತ, ಪತ್ರಿಕೆ ಎತ್ತಿಹಿಡಿದ. ಆದರೆ ಪತ್ರಿಕೆಯ ಅಂಚಿನಿಂದ ಒಂದು ಕಣ್ಣು ಹೊರಗಿತ್ತು. ಬೇಡಮ್ಮ ಆ ಕಣ್ಣನ್ನೇ ನೋಡುತ್ತ ಬಟಾಣಿಯನ್ನು ಒಂದೊಂದಾಗಿ ನೆಲಕ್ಕೆ ಬಿಟ್ಟಳು. ನಿಮಗೆ ನೋಡದೆ ಇರೋದಕ್ಕೆ ಬರಲ್ಲ ಬಿಡಿ ಎಂದು ಹೆಂಡತಿ ಪೊರಕೆ ತಂದಳು.

ಹಾಗಾಗಿ ಒಂದು ಏರ್ಪಾಡಾಯಿತು. ಯಾರೂ ಮಾತಾಡಿ ಮಾಡಿಕೊಂಡದ್ದಲ್ಲ, ತಾನಾಗಿ ಆದದ್ದು. ಮಧ್ಯಾಹ್ನದ ಬಿಡುವಿನಲ್ಲಿ ಗಲ್ಲಾದ ಹಿಂದೆ ಇಬ್ಬರು ಕೂತು ಉಣ್ಣುತ್ತಿದ್ದರು, ಒಬ್ಬರು ಕುರ್ಚಿಯಲ್ಲಿ, ಒಬ್ಬಳು ಗಿಡ್ಡ ಪೀಠದಲ್ಲಿ. ತಂದೆಯಾದವನು ಕಣ್ಣಿಗೆ ಬೀಳಕೂಡದು. ಅವನ ಊಟ ಒಳಗಿನ ದಾಸ್ತಾನು ಕೋಣೆಯಲ್ಲಿ, ಡಬ್ಬಗಳ ಗೋಡೆಯ ನಡುವೆ, ನಿಂತುಕೊಂಡು. ಯಜಮಾನರು ಈಚೆಗೆ ದೊಡ್ಡ ಡಬ್ಬಿ ತರುತ್ತಿರುವುದನ್ನು ಅವನು ಗಮನಿಸಿದ. ಆಲೂಗಡ್ಡೆಯನ್ನು ಸಣ್ಣ ಹೋಳುಗಳಾಗಿ ಕತ್ತರಿಸಿಕೊಂಡು ಬರುತ್ತಿದ್ದರು. ನಂದು, ನಂದು ಎಂದು ಇಬ್ಬರೂ ಗಂಭೀರವಾಗಿ ಹೇಳಿಕೊಂಡು ಒಬ್ಬರದನ್ನೊಬ್ಬರು ತಿನ್ನುತ್ತಿದ್ದರು.

ಅತ್ತೆಯ ಕಾಲು ವಾಸಿಯಾಯಿತು. ಮನೆಗೆ ಬಂದವರು ಸುದ್ದಿ ಕೇಳಿ ನಂಬಲಿಲ್ಲ. ಅಭ್ಯಾಸಬಲದಿಂದ ಬಟ್ಟಲು ಹಿಡಿದುಕೊಂಡೇ ಅಂಗಡಿಗೆ ಬಂದರು. ಅಳಿಯ ಅವರನ್ನು ಹಿಂದಿನ ಬಾಗಿಲಿನಿಂದ ದಾಸ್ತಾನು ಕೋಣೆಗೆ ಕರೆದುಕೊಂಡು ಹೋಗಿ, ಎರಡು ಡಬ್ಬ ಸರಿಸಿ ಕಿಂಡಿ ಮಾಡಿಕೊಟ್ಟ. ಇಬ್ಬರೂ ಪಕ್ಕಪಕ್ಕ ಬಗ್ಗಿ ನಿಂತು ನೋಡಿದರು. ಗಲ್ಲಾದ ಹಿಂದೆ ಬೇಡಮ್ಮ ಮೊಟ್ಟೆ ತಿನ್ನುತ್ತಿದ್ದಳು. ಹಳದಿಯ ಸಮೇತ. ಅತ್ತೆ ಕಿಂಡಿಯಿಂದ ಕಣ್ಣು ಕೀಳಲಿಲ್ಲ.

"ಹಾಗಾದ್ರೆ ನಾನು ಅಷ್ಟು ಮೆಟ್ಲು ಹತ್ತಿ ಇಳಿದಿದ್ದು?" ಎಂದರು ಕೊನೆಗೆ, ಪಿಸುದನಿಯಲ್ಲಿ.

ಆ ಭಾನುವಾರದ ಮಾತು ಇಬ್ಬರಿಗೂ ನೆನಪಿತ್ತು.

"ನಾನು ಮೆಟ್ಲಿಲ್ಲದೇನೇ ಅಷ್ಟು ಹತ್ತಿ ಇಳಿದೆ ಅತ್ತೆ" ಎಂದ.

ಅತ್ತೆ ಅವನ ಹೊಟ್ಟೆಯತ್ತ ನೋಡಿದರು. ನಗು ಬಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕೈಯಲ್ಲಿದ್ದ ಬಟ್ಟಲು ಯಾರಿಗೂ ಬೇಡವಾಗಿ ಆರುತ್ತಿತ್ತು. ಅವರು ಅದನ್ನು ಅವನ ಮುಂದೆ ಹಿಡಿದರು. ಅವನು ಡಬ್ಬವೊಂದನ್ನು ಎಳೆದು ಅತ್ತೆಗೆ ಕೂರಲು ಕೊಟ್ಟ, ಬಟ್ಟಲಿನಲ್ಲಿದ್ದದ್ದನ್ನು ಇಬ್ಬರೂ ಅರ್ಧ ಅರ್ಧ ತಿಂದರು. ಮದುವೆಯಾದ ಮೇಲೆ ಅವರಿಬ್ಬರೇ ಕೂತು ಒಟ್ಟಿಗೆ ಉಂಡದ್ದು ಅದೇ ಮೊದಲು.

ಅಂಗಡಿಯಲ್ಲೂ ಅವನ ಕೈ ಮತ್ತೆ ಕುದುರಿತು. ಮುಖ್ಯೋಪಾಧ್ಯಾಯಿನಿ ತಿಂಗಳಾದ ಮೇಲೆ ಮರಳಿ ಬಂದರು. ಅವನು ನಾಚಿಕೆಯಿಂದ ತಲೆ ಎತ್ತದೆ, ಒಂದೇ ಜೊತೆ ತೆಗೆದಿಟ್ಟು ಸುಮ್ಮನೆ ದೂರ ನಿಂತ. ಅವರು ತಾವೇ ಹಾಕಿಕೊಂಡರು, ತಾವೇ ಒಪ್ಪಿದರು, ಹೊರಡುವಾಗ ಇವತ್ತು ಅಪ್ಪ ಮಾತಾಡಲಿಲ್ಲವಲ್ಲ ಎಂದು ಹೇಳಿ ಹೋದರು. ಇಡೀ ಬೀದಿಗೆ ಆ ಮಾತು ಒಂದು ವಾರಕ್ಕೆ ಸಾಕಾಯಿತು.

ಮಳೆಗಾಲ ಕಳೆದು, ಒಂದು ಭಾನುವಾರ ಯಜಮಾನರನ್ನು ಮನೆಗೆ ಊಟಕ್ಕೆ ಕರೆದರು. ಕರೆದದ್ದು ಹೆಂಡತಿ, ಬರುತ್ತಾರೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಮ್ಮ ಡಬ್ಬಿಯನ್ನೂ ಹಿಡಿದುಕೊಂಡು ಬಂದರು. ಮೇಜಿನ ಸುತ್ತ ಎಲ್ಲರೂ ಕೂತರು. ಬೇಡಮ್ಮನ ತಟ್ಟೆಯಲ್ಲಿ ಎಲ್ಲವೂ ಒಂದಕ್ಕೊಂದು ತಗುಲಿಕೊಂಡು ಬಿದ್ದಿತ್ತು. ಈ ಹೊತ್ತಿಗೆ ಮನೆಯವರೆಲ್ಲ ನೋಡದಿರುವ ವಿದ್ಯೆಯನ್ನು ಕಲಿತಿದ್ದರು. ಅತ್ತೆ ಕಿಟಕಿಯಾಚೆಯ ಮೋಡ ನೋಡಿದರು. ಹೆಂಡತಿ ಉಪ್ಪಿನ ಬಟ್ಟಲು ನೋಡಿದಳು. ಯಜಮಾನರು ತಮ್ಮ ಡಬ್ಬಿ ಬಿಟ್ಟು ಬೇರೇನನ್ನೂ ನೋಡುವವರೇ ಅಲ್ಲ. ಅವನು ಗೋಡೆಯ ಬಿರುಕೊಂದನ್ನು ಹಿಡಿದು ಮೇಲಿಂದ ಕೆಳಗಿನವರೆಗೂ ಪರೀಕ್ಷಿಸುತ್ತ ಕೂತ. ಬೇಡಮ್ಮ ಒಂದು ತುತ್ತು ತಿಂದಳು, ಎರಡು ತಿಂದಳು. ಆಮೇಲೆ ಸುತ್ತಲೂ ಕೂತ ದೊಡ್ಡವರನ್ನು ಒಬ್ಬೊಬ್ಬರಾಗಿ ನೋಡಿ, ಬೇಸರದಿಂದ ಹೇಳಿದಳು.

"ಅಪ್ಪ, ನೋಡು. ನಾನು ತಿಂತಿದೀನಿ."

ಮೇಜಿನ ಕೆಳಗೆ ಅತ್ತೆ ಅವನ ಕಾಲು ತುಳಿದರು. ಬೇಡ ಎಂದು ಹೆಂಡತಿ ಕಣ್ಣಲ್ಲೇ ಸನ್ನೆ ಮಾಡಿದಳು. ಅವನು ಬಿರುಕನ್ನೇ ನೋಡುತ್ತ ತುಸು ಹೊತ್ತು ತಡೆದುಕೊಂಡ. ಆಮೇಲೆ ತಿರುಗಿ ನೋಡಿದ, ಹಲ್ಲು ಕಾಣುವಷ್ಟು ನಗುತ್ತ, ಮುಖವಿಡೀ ಅರಳಿಸಿಕೊಂಡು.

ಬೇಡಮ್ಮ ಚಮಚ ಕೆಳಗಿಟ್ಟಳು. ಯಜಮಾನರು ತಲೆ ಎತ್ತದೆ ತಮ್ಮ ಡಬ್ಬಿಯನ್ನು ಅವಳಿಂದ ಒಂದು ಗೇಣು ದೂರಕ್ಕೆ ಸರಿಸಿಕೊಂಡರು.